ಮನೆಯಲ್ಲೇ ಬಿಸಿನೆಸ್: ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಯಾವ ಕಾಗದ ಬೇಕು, ಯಾವುದು ಬೇಡ?

ಮಳವಳ್ಳಿ ಕಡೆಯ ಒಂದು ಮನೆ ಅಂದುಕೊಳ್ಳಿ. ಅಮ್ಮ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಮಾಡ್ತಾರೆ. ಮಗಳು ಫೋಟೊ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕ್ತಾಳೆ. ಬೆಂಗಳೂರಿನ ನೆಂಟರು, ಆ ನೆಂಟರ ಆಫೀಸಿನವರು ಆರ್ಡರ್ ಕೊಡ್ತಾರೆ. ದುಡ್ಡು ಫೋನ್‌ಪೇಗೆ ಬರುತ್ತೆ. ಎಲ್ಲ ಚೆನ್ನಾಗಿ ನಡೀತಿರುವಾಗ ಯಾರೋ ಒಬ್ಬರು, "ಇದಕ್ಕೆ ಲೈಸೆನ್ಸ್ ಮಾಡ್ಸಿದ್ದೀರಾ?" ಅಂತಾರೆ. ಇನ್ನೊಬ್ಬರು, "ಮಾಡ್ಸಿದ್ರೆ ಗೃಹಲಕ್ಷ್ಮಿ ದುಡ್ಡು ನಿಂತೋಯ್ತದೆ, ಸುಮ್ನಿರಕ್ಕ" ಅಂತಾರೆ. ಸಾಮಾನ್ಯವಾಗಿ ಎರಡನೇ ಮಾತೇ ಗೆಲ್ಲುತ್ತೆ.

ಮನೆಯಿಂದ ದುಡಿಯುವವರು ಕಾಗದ ಮಾಡಿಸದೆ ಇರೋದಕ್ಕೆ ತೆರಿಗೆ ತಪ್ಪಿಸುವ ಆಸೆಗಿಂತ ಈ ಭಯವೇ ದೊಡ್ಡ ಕಾರಣ. ಒಂದು ಕಾಗದ ಮಾಡಿಸಿದರೆ ಇನ್ನೊಂದು ಸೌಲಭ್ಯ ಹೋಗಬಹುದು: ಗೃಹಜ್ಯೋತಿ, ಗೃಹಲಕ್ಷ್ಮಿ, ಬಿಪಿಎಲ್ ಕಾರ್ಡು. ಈ ಭಯದಲ್ಲಿ ಸ್ವಲ್ಪ ನಿಜ ಇದೆ, ಬಹುಪಾಲು ಗೊಂದಲ. ಯಾವ ಕಾಗದ ಯಾವುದಕ್ಕೆ ತಗುಲುತ್ತೆ ಅಂತ ಒಂದೊಂದಾಗಿ ನೋಡೋಣ.

ನಿಮ್ಮ ಮನೆ ಯಾರ ಗಡಿಯಲ್ಲಿದೆ?

ಮೊದಲು ತಿಳಿಯಬೇಕಾದ್ದು ಇದು. ಮಂಡ್ಯ ನಗರದೊಳಗಿದ್ದರೆ ನಗರಸಭೆಗೆ ಹೋಗಬೇಕು. ಮದ್ದೂರು, ಮಳವಳ್ಳಿ ಪಟ್ಟಣದೊಳಗಿದ್ದರೆ ಆಯಾ ಪಟ್ಟಣದ ಪೌರಸಂಸ್ಥೆಗೆ. ಈ ಮೂರಕ್ಕೂ ಅನ್ವಯಿಸೋದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. ಅದರಾಚೆ ಗ್ರಾಮ ಪಂಚಾಯಿತಿ; ಅಲ್ಲಿ ನಡೆಯೋದು 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಹಲಗೂರು, ಕಿರುಗಾವಲು, ಕೊಪ್ಪ, ಕೆರಗೋಡು ನೋಡೋಕೆ ಪೇಟೆ ಥರ ಇದ್ದರೂ ಅರ್ಜಿ ಕೊಡಬೇಕಾದ್ದು ಪಂಚಾಯಿತಿಗೇ.

ಎರಡೂ ಕಾಯ್ದೆಗಳ ತರ್ಕ ಒಂದೇ. ನೆರೆಹೊರೆಗೆ ಬೆಂಕಿ, ಹೊಗೆ, ಸದ್ದು, ಕೊಳಕು, ರೋಗದ ಅಪಾಯ ತರಬಹುದಾದ ಕೆಲಸಗಳಿಗೆ ಮತ್ತು ಮಾರಾಟಕ್ಕಾಗಿ ಆಹಾರ ತಯಾರಿಸುವ ಜಾಗಗಳಿಗೆ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಇದನ್ನೇ ಕಚೇರಿಗಳಲ್ಲಿ "ಉದ್ದಿಮೆ ಪರವಾನಗಿ" ಅಂತಾರೆ. ಬೇಕರಿ ಓವನ್, ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಮೋಟಾರಿನ ವರ್ಕ್‌ಶಾಪ್ ಇಟ್ಟರೆ ಇದು ಬೇಕೇ ಬೇಕು. ಮನೆಯಲ್ಲಿ ಕೂತು ಕೋಡಿಂಗ್, ವಿಡಿಯೊ ಎಡಿಟಿಂಗ್, ಲೆಕ್ಕ ಬರೆಯೋ ಕೆಲಸ ಮಾಡುವವರನ್ನು ಸಾಮಾನ್ಯವಾಗಿ ಯಾರೂ ಇದನ್ನು ಕೇಳೋದಿಲ್ಲ.

ಅರ್ಜಿಗೆ ಪಟ್ಟಣದಲ್ಲಿ ಇ-ಖಾತೆಯ ನಮೂನೆ 3, ಹಳ್ಳಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳ್ತಾರೆ. ಜೊತೆಗೆ ಆ ವರ್ಷದ ಆಸ್ತಿ ತೆರಿಗೆ ರಸೀದಿ, ಆಧಾರ್. ಬಾಡಿಗೆ ಮನೆಯಾದರೆ ಕರಾರು ಪತ್ರ ಮತ್ತು ಮಾಲೀಕರ ಒಪ್ಪಿಗೆ. ಬಹಳ ಅರ್ಜಿಗಳು ಸಿಕ್ಕಿಹಾಕಿಕೊಳ್ಳೋದು ಇಲ್ಲೇ: ಮನೆ ತಾತನ ಹೆಸರಲ್ಲಿರುತ್ತೆ, ಪೌತಿ ಖಾತೆ ಆಗಿರೋದಿಲ್ಲ, ನಾಕು ವರ್ಷದ ಕಂದಾಯ ಬಾಕಿ. ಪರವಾನಗಿಗೆ ಹೋಗುವ ಮೊದಲು ಖಾತೆ ಸರಿಮಾಡಿಕೊಳ್ಳಿ.

ಶುಲ್ಕ ಊರಿಂದ ಊರಿಗೆ, ಉದ್ದಿಮೆಯಿಂದ ಉದ್ದಿಮೆಗೆ ಬೇರೆ. ಕೌಂಟರ್‌ನಲ್ಲಿ ಹೇಳಿದ ಮೊತ್ತ ನಂಬಬೇಡಿ, ದರಪಟ್ಟಿ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಪಡೆಯಿರಿ. ಆ ಸೇವೆ ಸಕಾಲದ ಪಟ್ಟಿಯಲ್ಲಿದ್ದರೆ ಜಿಎಸ್‌ಸಿ ಸಂಖ್ಯೆ ಕೊಡ್ತಾರೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ಸಂಖ್ಯೆ ಇದ್ದರೆ ಫೈಲು ಎಲ್ಲಿ ಕೂತಿದೆ ಅಂತ ಗೊತ್ತಾಗುತ್ತೆ.

ತಿಂಡಿ ಮಾಡಿ ಮಾರಿದರೆ

ಮದ್ದೂರು ವಡೆ ಹೆಸರು ಮಾಡಿದ್ದು ರೈಲ್ವೆ ಸ್ಟೇಷನ್ನಿನಲ್ಲಿ, ಯಾವ ನೋಂದಣಿ ಸಂಖ್ಯೆಯೂ ಇಲ್ಲದ ಕಾಲದಲ್ಲಿ. ಈಗ ಹಾಗಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಮನೆಯಲ್ಲಿ ಮಾಡಿ ಮಾರುವ ಉಪ್ಪಿನಕಾಯಿ, ಸಾಂಬಾರ್ ಪುಡಿ, ಕೇಕ್, ಊಟದ ಡಬ್ಬಿ ಎಲ್ಲಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.

ಸಣ್ಣವರಿಗೆ ಇದು ಸುಲಭದ ಕಾಗದ. 2011ರ ನಿಯಮಾವಳಿ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನವರೆಗಿನವರನ್ನು ಸಣ್ಣ ತಯಾರಕರೆಂದು ಗುರುತಿಸಿ, ಪೂರ್ತಿ ಲೈಸೆನ್ಸ್ ಬದಲು ಬರೀ ನೋಂದಣಿ ಸಾಕು ಅಂದಿತು. ಶುಲ್ಕ ವರ್ಷಕ್ಕೆ 100 ರೂಪಾಯಿ ಎಂದು ನಿಗದಿ ಮಾಡಿತು. 12 ಲಕ್ಷ ಅಂದರೆ ದಿನಕ್ಕೆ ಸುಮಾರು 3,300 ರೂಪಾಯಿ ವ್ಯಾಪಾರ. ಅರ್ಜಿ ಹಾಕೋದು ಫಾಸ್ಕಾಸ್ ಪೋರ್ಟಲ್‌ನಲ್ಲಿ, ನಮೂನೆ ಎ. ಫೋಟೊ, ಗುರುತಿನ ಚೀಟಿ, ವಿಳಾಸದ ದಾಖಲೆ ಸಾಕು. ಮಿತಿ, ಶುಲ್ಕ ಆಗಾಗ ಪರಿಷ್ಕರಣೆ ಆಗುತ್ತವೆ, ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ಈ ನಿಯಮಾವಳಿಯಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಮಾತಿದೆ. ಅರ್ಜಿ ಬಂದ 7 ದಿನದೊಳಗೆ ಅಧಿಕಾರಿ ನೋಂದಣಿ ಕೊಡಬೇಕು, ಇಲ್ಲವೇ ಲಿಖಿತ ಕಾರಣ ಕೊಟ್ಟು ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ನೋಟಿಸ್ ಕೊಡಬೇಕು. 7 ದಿನದಲ್ಲಿ ಇದ್ಯಾವುದೂ ಆಗದಿದ್ದರೆ, ಅಥವಾ ತಪಾಸಣೆ ಅಂತ ಹೇಳಿ 30 ದಿನದಲ್ಲಿ ತೀರ್ಮಾನ ಬರದಿದ್ದರೆ, ಅರ್ಜಿದಾರರು ಕೆಲಸ ಶುರುಮಾಡಬಹುದು. "ಸಾಹೇಬ್ರು ರಜೆ ಮೇಲವ್ರೆ" ಅನ್ನೋ ಉತ್ತರಕ್ಕೆ ಇದನ್ನು ತೋರಿಸಬಹುದು. ತಾಲ್ಲೂಕು ಮಟ್ಟದಲ್ಲಿ ಕೆಲಸ ಆಗದಿದ್ದರೆ ಮಂಡ್ಯದಲ್ಲಿರುವ ಜಿಲ್ಲಾ ಅಂಕಿತಾಧಿಕಾರಿಯನ್ನು ಕೇಳಿ.

ಪ್ಯಾಕೆಟ್ ಮಾಡಿ ಮಾರಿದರೆ ಲೇಬಲ್ ಬೇಕು: ತಯಾರಕರ ಹೆಸರು, ವಿಳಾಸ, ಸಾಮಗ್ರಿಗಳ ಪಟ್ಟಿ, ನಿವ್ವಳ ತೂಕ, ತಯಾರಾದ ದಿನ, ಎಷ್ಟು ದಿನ ಬಾಳುತ್ತೆ, ಎಂಆರ್‌ಪಿ, ಸಸ್ಯಾಹಾರದ ಹಸಿರು ಗುರುತು, 14 ಅಂಕಿಯ ನೋಂದಣಿ ಸಂಖ್ಯೆ. ಮೊದಲೇ ತೂಕ ಮಾಡಿ ಪ್ಯಾಕ್ ಮಾಡುವವರು ಕಾನೂನು ಮಾಪನ ಇಲಾಖೆಯಲ್ಲೂ ನೋಂದಾಯಿಸಬೇಕು. ಅಡುಗೆಗೆ ಮನೆ ಬಳಕೆಯ 14.2 ಕೆ.ಜಿ. ಸಿಲಿಂಡರ್ ಬಳಸುವಂತಿಲ್ಲ, ವ್ಯಾಪಾರಕ್ಕೆ ಕಮರ್ಷಿಯಲ್ ಸಿಲಿಂಡರೇ ಬೇಕು. ಇದರಲ್ಲಿ ಸಿಕ್ಕಿಬೀಳುವವರು ಬಹಳ, ಎಚ್ಚರ.

ಕರೆಂಟು: ಜ್ಯೋತಿಷಿಗೆ ಜಾಗವಿದೆ, ಚಕ್ಕುಲಿಗಿಲ್ಲ

ಮಂಡ್ಯ ಜಿಲ್ಲೆಗೆ ಕರೆಂಟು ಕೊಡೋದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ದರ ನಿಗದಿ ಮಾಡೋದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಕೆಇಆರ್‌ಸಿ. ಮನೆಯ ಒಂದು ಭಾಗದಲ್ಲಿ ಮನೆಯವರೇ ಕೆಲವು ಕಸುಬು ಮಾಡಿದರೂ ಅದು ಮನೆ ಬಳಕೆಯ ದರದಲ್ಲೇ ಇರಲಿ ಎಂದು ಆಯೋಗದ ದರ ಆದೇಶದಲ್ಲಿ ವರ್ಷಗಳಿಂದ ಒಂದು ಪಟ್ಟಿ ಇದೆ.

ಕೈಮಗ್ಗ, ರೇಷ್ಮೆ ಸಾಕಣೆ, ನೂಲು ತೆಗೆಯುವುದು, ಚಾಕಿ ಸಾಕಣೆ, ಟೈಲರಿಂಗ್, ಟೈಪಿಂಗ್, ಅಕ್ಕಸಾಲಿ ಕೆಲಸ, ಬ್ಯೂಟಿ ಪಾರ್ಲರ್, ಬಟ್ಟೆ ಒಗೆಯುವ ದೋಬಿ ಕೆಲಸ, ಪರ್ಸನಲ್ ಕಂಪ್ಯೂಟರ್, ಪೇಯಿಂಗ್ ಗೆಸ್ಟ್, 1 ಎಚ್‌ಪಿವರೆಗಿನ ಮೇವು ಕತ್ತರಿಸುವ ಮತ್ತು ಹಾಲು ಕರೆಯುವ ಯಂತ್ರ ಈ ಪಟ್ಟಿಯಲ್ಲಿವೆ. ವಕೀಲರು, ವೈದ್ಯರು, ಎಂಜಿನಿಯರ್‌ಗಳು, ಲೆಕ್ಕಪರಿಶೋಧಕರ ಸಲಹಾ ಕೆಲಸವೂ ಇದೆ. ಜ್ಯೋತಿಷ್ಯವೂ ಇದೆ. ಹಾಗಾಗಿ ಮಳವಳ್ಳಿಯಲ್ಲಿ ಮನೆಯೊಳಗೆ ಬ್ಲೌಸ್ ಹೊಲಿಯುವ ಅಕ್ಕನಿಗೂ, ಮದ್ದೂರಿನ ಮನೆಯಲ್ಲಿ ಚಾಕಿ ಮಾಡುವ ಕುಟುಂಬಕ್ಕೂ ಕಮರ್ಷಿಯಲ್ ಮೀಟರ್ ಹಾಕಿಸಿ ಅಂತ ಯಾರಾದರೂ ಹೆದರಿಸಿದರೆ ಈ ಪಟ್ಟಿ ತೋರಿಸಿ.

ಆದರೆ ಮನೆಯಲ್ಲಿ ತಿಂಡಿ ಮಾಡಿ ಮಾರುವ ಕೆಲಸದ ಹೆಸರು ಈ ಪಟ್ಟಿಯಲ್ಲಿಲ್ಲ. ಹೆಂಗಸರು ಹೆಚ್ಚಾಗಿ ಹಿಡಿಯುವ ಕಸುಬೇ ಬಿಟ್ಟುಹೋಗಿದೆ. ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಮನೆ ಮೀಟರ್ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ ಕಲಂ 126 ಅನ್ವಯಿಸಬಹುದು. ಸಂಬಂಧಪಟ್ಟ ದರದ ಎರಡು ಪಟ್ಟು, ಯಾವತ್ತಿಂದ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕುವ ಅಧಿಕಾರ ಅದರಲ್ಲಿದೆ. ಅಂಥ ನೋಟಿಸ್ ಬಂದರೆ ಅದು ತಾತ್ಕಾಲಿಕ ಆದೇಶ ಅನ್ನೋದು ನೆನಪಿರಲಿ. ಆಕ್ಷೇಪಣೆ ಸಲ್ಲಿಸುವ ಹಕ್ಕು ನಿಮಗಿದೆ. ದೊಡ್ಡ ಗ್ರೈಂಡರ್, ಓವನ್, ಫ್ರೀಜರ್ ಇಡುವ ಹಂತಕ್ಕೆ ಬಂದರೆ ಆ ಕೋಣೆಗೆ ಬೇರೆ ಮೀಟರ್ ಹಾಕಿಸೋದು ಕ್ಷೇಮ.

ಗೃಹಜ್ಯೋತಿ ಇರೋದು ಮನೆ ಬಳಕೆ ಸಂಪರ್ಕಕ್ಕೆ ಮಾತ್ರ. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಹೊಲಿಗೆ ಮೆಷಿನ್ನಿಗೆ ಈ ಚಿಂತೆ ಇಲ್ಲ. ಓವನ್ ಇಟ್ಟವರು ಮೀಟರ್ ಮೇಲೆ ಕಣ್ಣಿಡಬೇಕು.

ಜಿಎಸ್‌ಟಿ ಯಾವಾಗ?

2025ರ ಜುಲೈ ನೆನಪಿದೆಯಲ್ಲ? ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ನೋಟಿಸ್ ಕೊಟ್ಟಿತು. ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಹರಿದು "ಕ್ಯಾಶ್ ಮಾತ್ರ" ಬೋರ್ಡು ಬಂತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲಿ ಇಲ್ಲ ಅನ್ನಬೇಕಾಯ್ತು. ಅದಾದ ಮೇಲೆ ಹಳ್ಳಿಯ ಮನೆಗಳಲ್ಲೂ ಜಿಎಸ್‌ಟಿ ಅಂದರೆ ಭಯ.

ಲೆಕ್ಕ ಹೀಗಿದೆ. ಸರಕು ಮಾತ್ರ ಮಾರಿದರೆ ವರ್ಷಕ್ಕೆ 40 ಲಕ್ಷ, ಸೇವೆ ಕೊಟ್ಟರೆ 20 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. 40 ಲಕ್ಷ ಅಂದರೆ ದಿನಕ್ಕೆ ಸುಮಾರು 11,000 ರೂಪಾಯಿ ವ್ಯಾಪಾರ. ಬಹುತೇಕ ಮನೆಗಳು ಇದರ ಹತ್ತಿರವೂ ಹೋಗೋದಿಲ್ಲ.

ಎಡವೋದು ಒಂದು ಕಡೆ: ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಕಡಿಮೆ ಇದ್ದರೂ ನೋಂದಣಿ ಕಡ್ಡಾಯ. ಗುರುತಿಸಿದ ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯಿತಿ. ಬೆಂಗಳೂರಿಗೆ ನಿಪ್ಪಟ್ಟು ಕಳಿಸಿದರೆ ತೊಂದರೆ ಇಲ್ಲ, ಅದೇ ಡಬ್ಬಿ ಇನ್‌ಸ್ಟಾಗ್ರಾಂ ಆರ್ಡರ್ ಮೇಲೆ ಚೆನ್ನೈಗೆ ಹೋದರೆ ಕಾನೂನು ಬೇರೆ. ರಾಜ್ಯದೊಳಗೆ ಆನ್‌ಲೈನ್ ವೇದಿಕೆಗಳ ಮೂಲಕ ಸರಕು ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಬದಲು ಬರೀ ಎನ್‌ರೋಲ್‌ಮೆಂಟ್ ಸಂಖ್ಯೆ ಸಾಕು.

ವ್ಯಾಪಾರದ ಯುಪಿಐಗೆ ಬೇರೆ ಬ್ಯಾಂಕ್ ಖಾತೆ ಇಡಿ. ಚೀಟಿ ದುಡ್ಡು, ಅಣ್ಣ ಕಳಿಸಿದ ದುಡ್ಡು, ಸಂಘದ ಸಾಲ ಎಲ್ಲ ಒಂದೇ ಖಾತೆಗೆ ಬಂದರೆ ನಾಳೆ ಯಾವುದು ವ್ಯಾಪಾರ ಅಂತ ಬಿಡಿಸಿ ಹೇಳೋದು ನಿಮ್ಮ ತಲೆಗೇ ಬರುತ್ತೆ.

ಹಾಗಾದ್ರೆ ಗೃಹಲಕ್ಷ್ಮಿ ನಿಲ್ಲುತ್ತಾ?

ಯೋಜನೆಯ ನಿಯಮ ಇಷ್ಟು: ಯಜಮಾನಿ ಅಥವಾ ಅವರ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ 2,000 ರೂಪಾಯಿ ಇಲ್ಲ. ಎಫ್‌ಎಸ್‌ಎಸ್‌ಎಐ ನೋಂದಣಿ, ಪಂಚಾಯಿತಿ ಅಥವಾ ಪೌರಸಂಸ್ಥೆಯ ಪರವಾನಗಿ, ಉದ್ಯಮ್ ನೋಂದಣಿ ಇದರಲ್ಲಿ ಬರೋದಿಲ್ಲ. ಇವು ತೆರಿಗೆ ಕಾಗದಗಳಲ್ಲ.

ಆದ್ದರಿಂದ ಅಪಾಯ ಇರೋದು ಬೇಡದಿದ್ದರೂ ಜಿಎಸ್‌ಟಿ ಮಾಡಿಸಿಕೊಳ್ಳುವುದರಲ್ಲಿ. "ಜಿಎಸ್‌ಟಿ ನಂಬರ್ ಇದ್ರೆ ಲೋನ್ ಬೇಗ ಆಗ್ತದೆ" ಅನ್ನೋ ಏಜೆಂಟ್ ಮಾತಿಗೆ ಮಾಡಿಸಿದರೆ ವರ್ಷಕ್ಕೆ 24,000 ರೂಪಾಯಿ ಹೋಗುತ್ತೆ. ಜೊತೆಗೆ ಒಂದು ರೂಪಾಯಿ ವ್ಯಾಪಾರ ಇಲ್ಲದಿದ್ದರೂ ರಿಟರ್ನ್ಸ್ ಸಲ್ಲಿಸಬೇಕು, ತಡವಾದರೆ ದಂಡ. ತೆರಿಗೆ ಕಟ್ಟದಿದ್ದರೂ ಪಟ್ಟಿಯಲ್ಲಿ ಹೆಸರು ಸೇರಿ ಹಣ ನಿಂತ ದೂರುಗಳು ರಾಜ್ಯದ ಹಲವೆಡೆ ಬಂದಿವೆ. ಹಾಗಾದರೆ ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಲಿಖಿತ ಅರ್ಜಿ ಕೊಡಿ.

ಬಿಪಿಎಲ್ ಕಾರ್ಡಿನ ಕಥೆ ಬೇರೆ. ಅಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 1.2 ಲಕ್ಷ ಎಂದಿದೆ. ತಿಂಗಳಿಗೆ 10,000! ಗಂಡನ ಕೂಲಿ, ಹೆಂಡತಿಯ ಹೊಲಿಗೆ ಸೇರಿದರೆ ದಾಟಿಬಿಡುವ ಮೊತ್ತ. ಇಲ್ಲಿ ಜನರ ಭಯ ನಿಜವಾದದ್ದೇ. ಬೆಳೆಯೋಕೆ ಸಾಲ ಕೊಡುವ ಸರ್ಕಾರವೇ ಸ್ವಲ್ಪ ಬೆಳೆದ ಕೂಡಲೇ ಅಕ್ಕಿ ಕಿತ್ತುಕೊಳ್ಳುವ ಮಿತಿ ಇಟ್ಟಿದೆ. ಇದನ್ನು ಏರಿಸಿ ಅಂತ ಕೇಳಬೇಕಾದ್ದು ವಿಧಾನಸೌಧವನ್ನು.

ಲಾಭ ತರುವ ಕಾಗದ

ಉದ್ಯಮ್ ನೋಂದಣಿ ಆಧಾರ್ ಮೇಲೆ ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣೆ ಯೋಜನೆ 2020ರಲ್ಲಿ ಬಂತು. ಅದರಲ್ಲಿ ಕೇಂದ್ರದ 35 ಮತ್ತು ರಾಜ್ಯದ 15 ಸೇರಿ ಶೇಕಡ 50ರಷ್ಟು, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನ ಇಡಲಾಯಿತು. ಮಂಡ್ಯಕ್ಕೆ ಗುರುತಿಸಿದ ಉತ್ಪನ್ನ ಬೆಲ್ಲ. ಈಗಿನ ಸ್ಥಿತಿ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿ.

ಯಾವುದರ ನಂತರ ಯಾವುದು?

ಮೊದಲು ಖಾತೆ ಮತ್ತು ಕಂದಾಯ. ತಿಂಡಿಯಾದರೆ ಎಫ್‌ಎಸ್‌ಎಸ್‌ಎಐ. ಆಮೇಲೆ ಬೇಕಿದ್ದರೆ ಉದ್ದಿಮೆ ಪರವಾನಗಿ, ಜೊತೆಗೆ ಉದ್ಯಮ್. ದೊಡ್ಡ ಯಂತ್ರ ಬಂದಾಗ ಬೇರೆ ಮೀಟರ್. ಹೊರಗಿನವರನ್ನು ಕೆಲಸಕ್ಕೆ ಇಟ್ಟುಕೊಂಡಾಗ ಕಾರ್ಮಿಕ ಇಲಾಖೆಯ ನೋಂದಣಿ ವಿಚಾರಿಸಿ. ಜಿಎಸ್‌ಟಿ ಮಿತಿ ದಾಟಿದ ಮೇಲೆ ಅಥವಾ ಹೊರರಾಜ್ಯಕ್ಕೆ ಮಾರುವಾಗ ಮಾತ್ರ.

ಇನ್ನೊಂದು ಕೆಲಸ ಈ ಲೇಖನ ಓದುವವರದ್ದು. ದರ ಪರಿಷ್ಕರಣೆಗೆ ಸೆಸ್ಕ್ ಅರ್ಜಿ ಹಾಕಿದಾಗಲೆಲ್ಲ ಕೆಇಆರ್‌ಸಿ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತೆ, ಬಹಿರಂಗ ವಿಚಾರಣೆ ನಡೆಸುತ್ತೆ. ಯಾವ ಗ್ರಾಹಕರಾದರೂ ಪತ್ರ ಬರೆಯಬಹುದು. ಜ್ಯೋತಿಷಿ, ಬ್ಯೂಟಿ ಪಾರ್ಲರ್ ಇರುವ ಆ ಪಟ್ಟಿಗೆ "ಮನೆಯವರೇ ನಡೆಸುವ ಸಣ್ಣ ತಿಂಡಿ ತಯಾರಿಕೆ" ಅಂತ ಒಂದು ಸಾಲು ಸೇರಿಸಿ ಎಂದು ಮುಂದಿನ ಸಲ ಮಂಡ್ಯ, ಮದ್ದೂರು, ಮಳವಳ್ಳಿಯ ಸ್ತ್ರೀಶಕ್ತಿ ಸಂಘಗಳಿಂದ ಸಹಿ ಹಾಕಿಸಿ ಕಳಿಸಿ. ಅರ್ಜಿ ಬರೆದುಕೊಡುವಷ್ಟು ಓದಿದವರು ಪ್ರತಿ ಬೀದಿಯಲ್ಲೂ ಇದ್ದೀವಲ್ಲ.