ಅಫೀಮು: ಒಂದು ಪದ ನಡೆದ ದಾರಿ

ನಮ್ಮ ಮನೆಗಳಲ್ಲಿ ಪಾಯಸಕ್ಕೆ ಅರೆಯುವ ಗಸಗಸೆಯ ಗಿಡವೇ ಅಫೀಮಿನ ಗಿಡ. ಅದರ ಹಸಿ ಕಾಯಿಗೆ ಗೀರು ಹಾಕಿದರೆ ಬಿಳಿ ಹಾಲು ಒಸರುತ್ತದೆ. ಅದು ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಗ್ರೀಕರು ಗಿಡದ ರಸವನ್ನು 'ಓಪೋಸ್' ಎನ್ನುತ್ತಿದ್ದರು, ಈ ರಸವನ್ನು 'ಓಪಿಯಾನ್' ಎಂದರು. ಅರಬಿಯಲ್ಲಿ 'ಪ' ಅಕ್ಷರವಿಲ್ಲ. ಹಾಗಾಗಿ ಅದು 'ಅಫ್ಯೂನ್' ಆಯಿತು. ಮುಂದೆ ಉರ್ದುವಿನಲ್ಲಿ ಅಫೀಮ್, ಕನ್ನಡದಲ್ಲಿ ಅಫೀಮು. ಸಂಸ್ಕೃತದವರು ಇದನ್ನೇ 'ಅಹಿಫೇನ', ಅಂದರೆ ಹಾವಿನ ನೊರೆ ಎಂದು ಬರೆದುಕೊಂಡರು. ಹೊರಗಿನಿಂದ ಬಂದ ಮಾತಿಗೆ ಹೊಲಿದ ಅರ್ಥವದು, ಆದರೂ ಚೆನ್ನಾಗಿ ಹೊಂದಿಕೊಂಡಿದೆ!

ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಅಫ್ಯೂನನ್ನು ನೋವಿನ ಮದ್ದೆಂದು ವಿವರಿಸಿ, ಅದರ ಅಪಾಯವನ್ನೂ ಹೇಳಿದ್ದಾರೆ. ಅರಬಿಯಲ್ಲಿ ಮಾದಕ ವಸ್ತುಗಳಿಗೆ ಇಂದಿಗೂ 'ಮುಖದ್ದಿರಾತ್' ಎನ್ನುತ್ತಾರೆ. ಮರಗಟ್ಟಿಸುವಂಥವು ಎಂದು ಅದರ ಅರ್ಥ.

ನಮಗೆ ಹೆಚ್ಚು ವಿಚಿತ್ರವಾಗಿ ಕಾಣುವುದು ಇನ್ನೊಂದು ಪದ: ತಿರ್ಯಾಕ್. ಉರ್ದು ಬಲ್ಲವರಿಗೆ ಅದು ವಿಷಕ್ಕೆ ಪ್ರತಿಮದ್ದು. ಹಿಂದಿನ ಹಕೀಮರು ಹತ್ತಾರು ವಸ್ತುಗಳನ್ನು ಕೂಡಿಸಿ ಮಾಡುತ್ತಿದ್ದ ಆ ಲೇಹದಲ್ಲಿ ಅಫೀಮೂ ಇರುತ್ತಿತ್ತು. ಕಾಲಕ್ರಮೇಣ ಇರಾನಿನಲ್ಲಿ ಅಫೀಮಿಗೇ 'ತಿರ್ಯಾಕ್' ಎಂಬ ಹೆಸರು ಬಂತು, ಅದಕ್ಕೆ ಅಂಟಿಕೊಂಡವನು 'ತಿರ್ಯಾಕಿ'ಯಾದ. ತುರ್ಕಿಯಲ್ಲಂತೂ ಚಹಾ, ಕಾಫಿ ಬಿಟ್ಟಿರಲಾರದವನನ್ನೂ ಹಾಗೆಯೇ ಕರೆಯುತ್ತಾರೆ. ವಿಷ ಇಳಿಸುವ ಮದ್ದಿನ ಹೆಸರು ಚಟಗಾರನ ಹೆಸರಾಯಿತು. ಮದ್ದೆಂದು ಶುರುವಾದ ಗುಳಿಗೆ ಎಲ್ಲಿಗೆ ಮುಟ್ಟಿಸುತ್ತದೆಂದು ತಿಳಿಯಲು ಈ ಒಂದು ಪದವೇ ಸಾಕು.

ಜಹಾಂಗೀರ್ ಬಾದಶಹರು ಮದ್ಯ, ಅಫೀಮು ಎರಡರ ಅಭ್ಯಾಸವಿದ್ದವರು. 1618ರಲ್ಲಿ ಅವರ ಆಸ್ಥಾನಿಕ ಇನಾಯತ್ ಖಾನ್ ಇದೇ ಚಟಗಳಿಂದ ಎಲುಬಿನ ಗೂಡಾಗಿ ಮರಣಶಯ್ಯೆ ಹಿಡಿದಾಗ, ಬಾದಶಹರು ಚಿತ್ರಕಾರರಿಂದ ಅವರನ್ನು ಬರೆಸಿದರು. ಆ ಚಿತ್ರ ಇಂದಿಗೂ ಉಳಿದಿದೆ. ನೋಡಿದವರು ಮರೆಯಲಾರರು.

ಮುಂದೆ ಈ ರಸ ವ್ಯಾಪಾರವಾಯಿತು. 1773ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ಅಫೀಮನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಮಾಲು ಚೀನಾಕ್ಕೆ ಹೋಗುತ್ತಿತ್ತು. 1839ರಲ್ಲಿ ಅಲ್ಲಿನ ಅಧಿಕಾರಿ ಲಿನ್ ಝೆಶು 20,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ನಾಶಮಾಡಿಸಿದಾಗ ಬ್ರಿಟಿಷರು ಯುದ್ಧವನ್ನೇ ಹೂಡಿದರು.

'ಕುರ್‌ಆನಿನಲ್ಲಿರುವುದು ಖಮ್ರ್, ಅಫೀಮಿನ ಹೆಸರೆಲ್ಲಿದೆ?' ಎಂದು ಕೇಳುವ ಯುವಕರಿದ್ದಾರೆ. ಖಮ್ರ್ ಪದದ ಮೂಲದಲ್ಲಿರುವುದು ಮುಚ್ಚುವುದು ಎಂಬ ಅರ್ಥ. ಬುದ್ಧಿಯನ್ನು ಮುಚ್ಚುವುದೆಲ್ಲ ಅದರಲ್ಲಿ ಸೇರಿದೆಯೆಂದು ಹಜ್ರತ್ ಉಮರ್ (ರ) ಮಿಂಬರಿನ ಮೇಲಿಂದಲೇ ವಿವರಿಸಿದ್ದರು. ಉಲಮಾಗಳು ಹೆಸರನ್ನಲ್ಲ, ಪರಿಣಾಮವನ್ನು ನೋಡಿದರು. ವೈದ್ಯರು ಅನಿವಾರ್ಯವೆಂದು ಕೊಡುವ ಮದ್ದಿನ ಮಾತು ಬೇರೆ.

ಕೊನೆಗೆ ಗಲ್ಫ್‌ಗೆ ಹೊರಡುವವರಿಗೊಂದು ಮಾತು. ನಮ್ಮ ದೇಶದಲ್ಲಿ ಗಸಗಸೆ ಕಿರಾಣಿ ಅಂಗಡಿಯ ಸಾಮಾನು. ಸೌದಿ ಅರೇಬಿಯಾ ಮತ್ತು ಯುಎಇಯಲ್ಲಿ ಅದು ನಿಷಿದ್ಧ. ತಾಯಂದಿರು ಮಸಾಲೆ ಕಟ್ಟಿಕೊಡುವಾಗ ಆ ಒಂದು ಪೊಟ್ಟಣವನ್ನು ಹೊರಗಿಡಿ.