ತುತ್ತು ಇಳಿಯದ ಊರು

ಚೀನಾದ ಹೆನಾನ್ ಪ್ರಾಂತ್ಯದಲ್ಲಿ, ತೈಹಾಂಗ್ ಬೆಟ್ಟಸಾಲಿನಲ್ಲಿ ಲಿನ್‌ಶಿಯಾನ್ ಅನ್ನೋ ಸೀಮೆ ಇದೆ. ಈಗಿನ ಹೆಸರು ಲಿನ್‌ಝೌ. ನೀರಿಗೆ ಪರದಾಡುತ್ತಿದ್ದ ಅಲ್ಲಿನ ಜನ 1960ರ ದಶಕದಲ್ಲಿ ಬೆಟ್ಟ ಕಡಿದು ಕಾಲುವೆ ತಂದ ಕತೆ ಪ್ರಸಿದ್ಧ. ಅವರ ಇನ್ನೊಂದು ಸಂಕಟ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅಲ್ಲಿ ತಲೆಮಾರುಗಳಿಂದ ಜನ ಅನ್ನನಾಳದ ಕ್ಯಾನ್ಸರ್‌ನಿಂದ ಸಾಯ್ತಿದ್ದರು. ಮನೆಯ ಕೋಳಿಗಳ ಗಂಟಲಲ್ಲೂ ಇಂಥದೇ ಗೆಡ್ಡೆ ಕಾಣಿಸ್ತಿತ್ತು.

ಚೀನೀಯರು ಈ ರೋಗಕ್ಕೆ ಇಟ್ಟ ಹಳೇ ಹೆಸರಿನಲ್ಲೇ 'ಗಂಟಲಲ್ಲಿ ಸಿಕ್ಕಿಕೊಳ್ಳೋದು' ಅನ್ನೋ ಅರ್ಥವಿದೆ. ಮೊದಲು ಗಟ್ಟಿ ಪದಾರ್ಥ ಇಳಿಯಲ್ಲ, ಆಮೇಲೆ ಗಂಜಿ, ಕೊನೆಗೆ ನೀರೂ ಇಳಿಯಲ್ಲ. ಅಂದರೆ ಲಕ್ಷಣ ಎಲ್ಲರಿಗೂ ಗೊತ್ತಿತ್ತು. ಆದರೆ ಅನ್ನನಾಳ ಹಿಗ್ಗುವ ಕೊಳವೆ. ಗೆಡ್ಡೆ ಸಾಕಷ್ಟು ಜಾಗ ಹಿಡಿಯೋವರೆಗೂ ಅದು ದೂರು ಹೇಳುವುದಿಲ್ಲ. ಲಕ್ಷಣ ಕಾಣೋ ಹೊತ್ತಿಗೆ ಹೊತ್ತು ಮೀರಿರ್ತಿತ್ತು.

ಹಾಗಾದರೆ ಲಕ್ಷಣಕ್ಕೂ ಮೊದಲೇ ಹಿಡಿಯೋದು ಹೇಗೆ? 1960ರ ಸುಮಾರಿಗೆ ಹೆನಾನಿನ ರೋಗಶಾಸ್ತ್ರಜ್ಞ ಶೆನ್ ಚಿಯೋಂಗ್ ಒಂದು ಸರಳ ಉಪಾಯ ಮಾಡಿದರು. ತೆಳು ಕೊಳವೆಯ ತುದಿಗೆ ಪುಟ್ಟ ಬಲೂನು, ಅದರ ಮೇಲೆ ನೂಲಿನ ಬಲೆ. ಅದನ್ನು ನುಂಗಿಸಿ, ಒಳಗೆ ಗಾಳಿ ತುಂಬಿ, ನಿಧಾನವಾಗಿ ಮೇಲಕ್ಕೆ ಎಳೆಯೋದು. ಬಲೆಗೆ ಅಂಟಿದ ಜೀವಕೋಶಗಳನ್ನು ಗಾಜಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡೋದು. ಹಳ್ಳಿಹಳ್ಳಿಗೂ ಒಯ್ಯಬಹುದಾದ ಪರೀಕ್ಷೆ ಅದು. ಏನೂ ತೊಂದರೆ ಇಲ್ಲ ಅಂದುಕೊಂಡಿದ್ದವರಲ್ಲೂ ಆರಂಭದ ಕ್ಯಾನ್ಸರ್ ಸಿಕ್ಕಿತು. ಮುಂದೆ ಈ ಜಾಗಕ್ಕೆ ಎಂಡೋಸ್ಕೋಪಿ ಬಂತು.

ಕಾರಣದ ಹುಡುಕಾಟ ಇಷ್ಟು ಸುಲಭವಾಗಿರಲಿಲ್ಲ. ತಿಂಗಳುಗಟ್ಟಲೆ ಹುಳಿಬರಿಸಿಟ್ಟ ತರಕಾರಿ, ಬೂಸ್ಟು ಹಿಡಿದ ಧಾನ್ಯ, ಪೋಷಕಾಂಶದ ಕೊರತೆ, ಎಲ್ಲದರ ಮೇಲೂ ಅನುಮಾನ ಬಂತು. 1980ರ ದಶಕದಲ್ಲಿ ಸುಮಾರು 30,000 ಜನರಿಗೆ ಐದು ವರ್ಷ ವಿಟಮಿನ್, ಖನಿಜದ ಮಾತ್ರೆ ಕೊಟ್ಟು ನೋಡಿದರು. ಒಂದು ಗುಂಪಿನಲ್ಲಿ ಕ್ಯಾನ್ಸರ್ ಸಾವು ತುಸು ಇಳಿಯಿತು, ಆದರೆ ಆ ಲಾಭ ಹೆಚ್ಚಾಗಿ ಜಠರದ ಕ್ಯಾನ್ಸರಿನದ್ದು.

ನಮ್ಮಲ್ಲಿ ಕಾರಣಗಳು ಇಷ್ಟು ಗೂಢವಲ್ಲ: ಬೀಡಿ-ಸಿಗರೇಟು, ಹೊಗೆಸೊಪ್ಪು, ಅಡಿಕೆ, ಹೆಂಡ. 65 ಡಿಗ್ರಿಗಿಂತ ಬಿಸಿಯಾದದ್ದನ್ನು ಕುಡಿಯೋದೂ ಬಹುಶಃ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಹೇಳಿದೆ. ವರ್ಷಗಟ್ಟಲೆ ಕಾಡುವ ಎದೆಯುರಿಯೂ ಅನ್ನನಾಳದ ಕೆಳತುದಿಗೆ ಅಪಾಯವೇ.

ಮನೆಯಲ್ಲಿ ಯಾರಾದರೂ ರೊಟ್ಟಿ ಬಿಟ್ಟು ಬರೀ ಗಂಜಿ, ಮೆತ್ತನೆ ಅನ್ನಕ್ಕೆ ಇಳಿದಿದ್ದಾರಾ? ಪ್ರತಿ ತುತ್ತಿಗೂ ನೀರು ಕುಡೀತಿದ್ದಾರಾ? ಸುಮ್ಮಸುಮ್ಮನೆ ತೂಕ ಇಳೀತಿದೆಯಾ, ದನಿ ಒಡೆದಿದೆಯಾ? 'ವಯಸ್ಸಾಯ್ತಲ್ಲ' ಅಂತ ಬಿಡಬೇಡಿ. ಕರ್ಕೊಂಡು ಹೋಗಿ ಎಂಡೋಸ್ಕೋಪಿ ಮಾಡಿಸಿ. ಲಿನ್‌ಶಿಯಾನಿನವರಿಗೆ ಒಂದು ಕಾಲದಲ್ಲಿ ಆ ದಾರಿಯೇ ಇರಲಿಲ್ಲ.