ಸ್ವಸ್ಥಚಿತ್ತ: ಒಂದು ಪದ, ಒಂದೂವರೆ ಶತಮಾನದ ಕಾನೂನು

ಉಯಿಲು ಬರೆಸಲು ಹೋದವರಿಗೆ ಈ ಸಾಲು ಗೊತ್ತಿರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂತ ಪತ್ರ ಬರಹಗಾರರು ಹೆಸರು, ವಯಸ್ಸು, ವಾಸಸ್ಥಳ ಬರೆದು ಮುಗಿಸುತ್ತಿದ್ದಂತೆ ಅವರ ಕೈ ತಾನಾಗಿಯೇ ಮುಂದಕ್ಕೆ ಹೋಗುತ್ತದೆ: ‘ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ಸ್ವಇಚ್ಛೆಯಿಂದ ಬರೆಸಿದ್ದು.’ ನೂರಕ್ಕೆ ತೊಂಬತ್ತು ಜನ ಆ ಸಾಲನ್ನು ಓದದೆಯೇ ರುಜು ಹಾಕುತ್ತಾರೆ. ನಮ್ಮ ದೊಡ್ಡಮ್ಮನಂಥವರ ಮಟ್ಟಿಗೆ ಮಾತ್ರ ಇಡೀ ಬದುಕು ಆ ಒಂದು ಪದದ ಮೇಲೆ ನಿಂತಿದೆ.

ದೊಡ್ಡಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಅದರಲ್ಲಿ ಇಪ್ಪತ್ತು ವರ್ಷ ಬೈಪೋಲಾರ್ ಕಾಯಿಲೆಯ ಮಾತ್ರೆ ನುಂಗುತ್ತಲೇ ಪಾಠ ಹೇಳಿದರು. ನಿವೃತ್ತಿಯ ಮೇಲೆ ಒಮ್ಮೆ ಪಿಂಚಣಿ ತೆಗೆಯಲು ಹೋದ ಬ್ಯಾಂಕಿನಲ್ಲಿ ಯಾರೋ ಕಾಯಿಲೆಯ ಸುದ್ದಿ ಎತ್ತಿದರು. ‘ಹುಷಾರಿಲ್ಲದವರ ಸಹಿ ನಡೆಯಲ್ಲ, ಗಾರ್ಡಿಯನ್ ಆರ್ಡರ್ ತನ್ನಿ’ ಎಂದು ಕೌಂಟರಿನಾಚೆಯಿಂದ ಉತ್ತರ ಬಂತು. ಅಲ್ಲಿ ನಿಂತಿದ್ದ ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಆ ಆರ್ಡರ್ ಎಲ್ಲಿ ಸಿಗುತ್ತದೆಂದು ಹುಡುಕಿಕೊಂಡು ಹೊರಟಾಗಲೇ ಈ ಕಾನೂನಿನ ಕಥೆ ನನಗೆ ಗೊತ್ತಾಗಿದ್ದು.

ಈ ಕಥೆ ಆರಂಭವಾಗುವುದು ಬೀಗದಿಂದ. 1840ರ ದಶಕದಲ್ಲಿ ಧಾರವಾಡದಲ್ಲೂ ಬೆಂಗಳೂರಿನಲ್ಲೂ ಹುಚ್ಚರ ಆಶ್ರಯಗಳು ತೆರೆದವು. 1858ರಲ್ಲಿ ಕಂಪನಿ ಸರ್ಕಾರ ಒಂದೇ ವರ್ಷ ಮೂರು ಲೂನಸಿ, ಅಂದರೆ ಹುಚ್ಚಿನ, ಕಾಯ್ದೆಗಳನ್ನು ತಂದಿತು. ಎರಡು ಕಾಯ್ದೆಗಳು ಆಸ್ತಿಯನ್ನು ಕುರಿತವು, ಒಂದು ಆಶ್ರಯಗಳನ್ನು ಕುರಿತದ್ದು. ಮನೆ ಹೊಲ ಯಾರ ಸುಪರ್ದಿಗೆ, ಮನುಷ್ಯನನ್ನು ಎಲ್ಲಿ ಇಡುವುದು ಎಂಬ ಎರಡಕ್ಕೆ ಕಾನೂನಿನ ಚಿಂತೆ ಮುಗಿದಿತ್ತು. 1912ರ ಭಾರತೀಯ ಲೂನಸಿ ಕಾಯ್ದೆ ಎಲ್ಲವನ್ನೂ ಒಂದೆಡೆ ಸೇರಿಸಿ, ಮ್ಯಾಜಿಸ್ಟ್ರೇಟರ ಹುಕುಮಿನ ಮೇಲೆ ಒಳಗೆ ಹಾಕುವ ವ್ಯವಸ್ಥೆಯನ್ನು ಗಟ್ಟಿ ಮಾಡಿತು. ಮೈಸೂರು ಸರ್ಕಾರ 1925ರಲ್ಲಿ ಬೆಂಗಳೂರಿನ ಆಶ್ರಯಕ್ಕೆ ಮಾನಸಿಕ ಆಸ್ಪತ್ರೆ ಎಂದು ಹೆಸರಿಟ್ಟಿತು. 1974ರಲ್ಲಿ ಅದು ನಿಮ್ಹಾನ್ಸ್‌ನ ಭಾಗವಾಯಿತು. ಜನರ ಬಾಯಲ್ಲಿ ಮಾತ್ರ ‘ಹುಚ್ಚಾಸ್ಪತ್ರೆ’ ಎಂಬ ಹೆಸರು ಬಹುಕಾಲ ಉಳಿಯಿತು.

ಇದೇ ಕಾಲದ ಇನ್ನೊಂದು ಕಾನೂನು ಮಾತ್ರ ಬೇರೆ ದಾರಿ ಹಿಡಿದಿತ್ತು. 1872ರ ಕರಾರು ಕಾಯ್ದೆಯ 12ನೇ ಸೆಕ್ಷನ್ ಒಂದು ಉದಾಹರಣೆ ಕೊಡುತ್ತದೆ: ಹುಚ್ಚರ ಆಶ್ರಯದಲ್ಲಿರುವವನಿಗೆ ನಡುನಡುವೆ ಚಿತ್ತ ಸರಿಯಿದ್ದರೆ, ಆ ಹೊತ್ತಿನಲ್ಲಿ ಅವನು ಕರಾರು ಮಾಡಿಕೊಳ್ಳಬಹುದು. 1925ರ ಉತ್ತರಾಧಿಕಾರ ಕಾಯ್ದೆ ಉಯಿಲಿನ ವಿಷಯದಲ್ಲೂ ಇದನ್ನೇ ಹೇಳಿತು. ಕಾಯಿಲೆ ಇದೆಯೇ ಎಂಬುದಲ್ಲ ಪ್ರಶ್ನೆ, ಈ ಕೆಲಸದ ಹೊತ್ತಿಗೆ ಈ ಮನುಷ್ಯನಿಗೆ ಅರ್ಥವಾಗುತ್ತಿದೆಯೇ ಎಂಬುದು. ಇಷ್ಟು ವಿವೇಕದ ಮಾತು ಒಂದೂವರೆ ಶತಮಾನದಿಂದ ಪುಸ್ತಕದಲ್ಲಿದ್ದರೂ ಬ್ಯಾಂಕಿನ ಕೌಂಟರಿಗೆ ಇನ್ನೂ ತಲುಪದಿರುವುದು ನನ್ನನ್ನು ಈಗಲೂ ಕಾಡುತ್ತದೆ.

ಸ್ವಾತಂತ್ರ್ಯ ಬಂದರೂ ಬೀಗ ತೆರೆಯಲಿಲ್ಲ. ಅದು ಹೊರಜಗತ್ತಿಗೆ ಗೊತ್ತಾಗಿದ್ದು ಕಾನೂನು ನೆರವಿನವರಿಂದ. 1982ರಲ್ಲಿ ಹಜಾರಿಬಾಗಿನ ಉಚಿತ ಕಾನೂನು ನೆರವು ಸಮಿತಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿಯವರಿಗೆ ಒಂದು ಕಾಗದ ಬರೆಯಿತು. ಬುದ್ಧಿ ಸರಿಯಿಲ್ಲವೆಂದು ಜೈಲಿಗೆ ಹಾಕಿದ್ದ ಕೆಲವರು ಗುಣವಾದ ಮೇಲೂ ದಶಕಗಳಿಂದ ಅಲ್ಲೇ ಕೊಳೆಯುತ್ತಿದ್ದರು. ವೀಣಾ ಸೇಠಿ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ಕೋರ್ಟು ಅವರನ್ನು ಬಿಡಿಸಿತು. 1993ರಲ್ಲಿ ಪತ್ರಕರ್ತೆ ಶೀಲಾ ಬರ್ಸೆ ಹೂಡಿದ ದಾವೆಯಲ್ಲಿ, ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದೇ ಕಾನೂನುಬಾಹಿರ ಎಂಬ ತೀರ್ಪು ಬಂತು. ಆಗಲೂ ಎಲ್ಲರೂ ಹೊರಬರಲಿಲ್ಲ. ಅಸ್ಸಾಮಿನಲ್ಲಿ 1951ರಲ್ಲಿ ಬಂಧನಕ್ಕೊಳಗಾದ ಒಬ್ಬರಿಗೆ ಬಿಡುಗಡೆ ಸಿಕ್ಕಿದ್ದು 2005ರಲ್ಲಿ. ವಿಚಾರಣೆಯೇ ಇಲ್ಲದೆ ಐವತ್ತನಾಲ್ಕು ವರ್ಷ. ಆ ಅವಧಿಯಲ್ಲಿ ಒಮ್ಮೆಯಾದರೂ ಒಬ್ಬ ವಕೀಲರು ಕಡತ ಬಿಚ್ಚಿ ನೋಡಿದ್ದರೆ ಸಾಕಿತ್ತು.

1912ರ ಕಾಯ್ದೆಯ ಜಾಗಕ್ಕೆ ಬಂದದ್ದು 1987ರ ಮಾನಸಿಕ ಆರೋಗ್ಯ ಕಾಯ್ದೆ. ಅದು ಜಾರಿಯಾಗಲು 1993ರ ಏಪ್ರಿಲ್ ಬರಬೇಕಾಯಿತು. ಲೂನಾಟಿಕ್ ಎಂಬ ಪದ ಹೋಯಿತು. ದಾಖಲಾತಿಗೆ ಅವಧಿ, ಆಸ್ಪತ್ರೆಗಳಿಗೆ ಲೈಸೆನ್ಸು ಬಂದವು. ವಕೀಲರಿಲ್ಲದ, ಕೈಯಲ್ಲಿ ಕಾಸಿಲ್ಲದ ರೋಗಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂದು 91ನೇ ಸೆಕ್ಷನ್ ಹೇಳಿತು. 1987ರದೇ ಆದ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಇನ್ನೂ ಮುಂದೆ ಹೋಯಿತು. ಅದರ 12ನೇ ಸೆಕ್ಷನ್ ಪ್ರಕಾರ ಅಂಗವೈಕಲ್ಯವಿರುವವರಿಗೂ ಮನೋರೋಗ ಆಸ್ಪತ್ರೆಯಲ್ಲಿ ಇರಿಸಲ್ಪಟ್ಟವರಿಗೂ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು.

2001ರ ಆಗಸ್ಟ್ 6ರ ಬೆಳಗ್ಗೆ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರ, ಮನೋರೋಗಿಗಳನ್ನು ಇಟ್ಟಿದ್ದ ಗುಡಿಸಲಿನಂಥ ಒಂದು ‘ಹೋಮ್‌’ಗೆ ಬೆಂಕಿ ಬಿತ್ತು. ಒಳಗಿದ್ದವರಿಗೆ ಕಾಲಿನ ಸರಪಳಿಯಿಂದಾಗಿ ಓಡಲಾಗಲಿಲ್ಲ. ಇಪ್ಪತ್ತೆಂಟು ಜನ ಸತ್ತರು. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಕಾಗದದ ಮೇಲಿನ ಲೈಸೆನ್ಸು ಸರಪಳಿಯನ್ನು ಬಿಡಿಸುವುದಿಲ್ಲ ಎಂಬುದು ಅಂದು ದೇಶಕ್ಕೆಲ್ಲ ಕಂಡಿತು. ಹಾಗೆಂದು ಅಲ್ಲಿಗೆ ತಂದು ಬಿಟ್ಟ ಮನೆಯವರನ್ನು ಶಪಿಸಲು ನನಗೆ ಮನಸ್ಸಿಲ್ಲ. ಹತ್ತಿರದಲ್ಲಿ ಒಬ್ಬ ಮನೋವೈದ್ಯರೂ ಇಲ್ಲದ ಊರಿನವರು ದೇವರ ಬಳಿಗಲ್ಲದೆ ಇನ್ನೆಲ್ಲಿಗೆ ಹೋದಾರು? ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ದಿಕ್ಕು ಪೂರ್ತಿ ಬದಲಾದದ್ದು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಿಂದ. ಭಾರತ ಅದನ್ನು 2007ರ ಅಕ್ಟೋಬರಿನಲ್ಲಿ ಒಪ್ಪಿಕೊಂಡಿತು. ಕಾನೂನಿನ ಮುಂದೆ ಎಲ್ಲರ ಮಾತಿಗೂ ಸಮಾನ ಬೆಲೆಯಿದೆ, ನಿರ್ಧರಿಸಲು ಕಷ್ಟವಾದವರಿಗೆ ಆಸರೆ ಕೊಡಿ, ಅವರ ಬದಲಿಗೆ ನೀವೇ ನಿರ್ಧರಿಸಬೇಡಿ ಎಂಬುದು ಅದರ 12ನೇ ವಿಧಿಯ ತಿರುಳು. 2009ರಲ್ಲಿ ಚಂಡೀಗಢದ ಆಶ್ರಮವೊಂದರಲ್ಲಿದ್ದ, ಬೌದ್ಧಿಕ ಬೆಳವಣಿಗೆ ತುಸು ಕುಂಠಿತವಾಗಿದ್ದ ಯುವತಿಯೊಬ್ಬಳು ಗರ್ಭಿಣಿಯಾಗಿದ್ದಳು. ತನಗೆ ಮಗು ಬೇಕು ಎಂದಳು. ಚಂಡೀಗಢ ಆಡಳಿತ ಬೇಡವೆಂದಿತು. ಸುಪ್ರೀಂ ಕೋರ್ಟು ಅವಳ ಮಾತನ್ನು ಎತ್ತಿಹಿಡಿಯಿತು. ಈ ಹಾದಿಯಲ್ಲೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಬಂದವು.

2017ರ ಕಾಯ್ದೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಅದರ 4ನೇ ಸೆಕ್ಷನ್. ಚಿಕಿತ್ಸೆಗೆ ಬೇಕಾದ ಮಾಹಿತಿ ಅರ್ಥವಾದರೆ, ಅಥವಾ ನಿರ್ಧಾರದ ಪರಿಣಾಮ ತಿಳಿದರೆ, ಅಥವಾ ನಿರ್ಧಾರವನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಲು ಬಂದರೆ ಆ ವ್ಯಕ್ತಿಗೆ ನಿರ್ಧಾರ ಮಾಡುವ ಸಾಮರ್ಥ್ಯವಿದೆ. ಒಬ್ಬರ ನಿರ್ಧಾರ ಬೇರೆಯವರಿಗೆ ತಪ್ಪಾಗಿ ಕಂಡಿತು ಎಂಬ ಒಂದೇ ಕಾರಣಕ್ಕೆ ಅವರಿಗೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಮನೋರೋಗ ಇದೆ ಎಂದ ಮಾತ್ರಕ್ಕೆ ಚಿತ್ತ ಸ್ವಸ್ಥವಿಲ್ಲವೆಂದು ತಿಳಿಯುವಂತಿಲ್ಲ, ಹಾಗೆಂದು ಹೇಳಬೇಕಾದದ್ದು ಕೋರ್ಟು. ಮುಂದೆ ಕಾಯಿಲೆ ಉಲ್ಬಣಿಸಿದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು ಎಂದು ಚೆನ್ನಾಗಿದ್ದಾಗಲೇ ಮುಂಗಡ ನಿರ್ದೇಶನ ಬರೆದಿಡಬಹುದು. ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ತಾನೇ ಹೆಸರಿಸಬಹುದು. ಒಪ್ಪಿಗೆಯಿಲ್ಲದೆ ದಾಖಲಿಸಿಕೊಂಡರೆ ಆಸ್ಪತ್ರೆ ಏಳು ದಿನದೊಳಗೆ, ಹೆಂಗಸರೂ ಮಕ್ಕಳೂ ಆದರೆ ಮೂರು ದಿನದೊಳಗೆ, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ದಾರಿಯಲ್ಲಿ ಅಲೆಯುವವರನ್ನು ಪೊಲೀಸರು ಲಾಕಪ್ಪಿಗೆ ಹಾಕುವಂತಿಲ್ಲ, ಇಪ್ಪತ್ತನಾಲ್ಕು ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸರಪಳಿಗೆ ನಿಷೇಧವಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಕಾಣಬೇಕು, ಶಿಕ್ಷಿಸಬಾರದು. 2024ರ ಜುಲೈನಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಕೂಡ ಹೋಯಿತು.

ಕಾನೂನು ನೆರವು 2017ರ ಕಾಯ್ದೆಯಲ್ಲಿ ಹಕ್ಕಾಗಿದೆ. 27ನೇ ಸೆಕ್ಷನ್ ಪ್ರಕಾರ ಉಚಿತ ವಕೀಲರು ಸಿಗುತ್ತಾರೆ ಎಂದು ರೋಗಿಗೆ ಹೇಳುವುದು ಮ್ಯಾಜಿಸ್ಟ್ರೇಟರು, ಪೊಲೀಸರು, ಜೈಲಿನ ಅಧಿಕಾರಿ, ವೈದ್ಯರು ಎಲ್ಲರ ಕರ್ತವ್ಯ. ನಿಮ್ಹಾನ್ಸ್ ಆವರಣದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ನೆರವಿನ ಕೇಂದ್ರವೊಂದು ನಡೆಯುತ್ತಿದೆ. ಗಂಡನ ಮನೆಯವರು ಹೊರಹಾಕಿದ ಹೆಂಗಸಿನ ಜೀವನಾಂಶ, ಅಣ್ಣತಮ್ಮಂದಿರು ಪಾಲು ಕೊಡದ ಜಮೀನು, ನಿಂತುಹೋದ ಪಿಂಚಣಿ, ಇವೆಲ್ಲ ಮನೋವೈದ್ಯರ ಮುಂದೆ ಕಾಯಿಲೆಯ ಜೊತೆಗೇ ಬರುವ ಅಹವಾಲುಗಳು. ಮಾತ್ರೆ ಬರೆದುಕೊಟ್ಟರೂ ಇವು ಉಳಿಯುತ್ತವೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2024ರಲ್ಲಿ ಹೊಸ ಯೋಜನೆ ತಂದು, ಇಂಥವರಿಗೆ ಕಾನೂನು ನೆರವು ಕೊಡುವ ‘ಮನೋನ್ಯಾಯ’ ಎಂಬ ಘಟಕಗಳಿಗೆ ದಾರಿ ಮಾಡಿತು. ಯಾರಿಗಾದರೂ ಬೇಕಾದರೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿ ಇರುತ್ತದೆ, ಫೋನಿಗೆ 15100. ಮನಸ್ಸಿನ ಸಂಕಟಕ್ಕೆ ಟೆಲಿ-ಮನಸ್, 14416.

ಇಷ್ಟೆಲ್ಲ ಆಗಿಯೂ ದೊಡ್ಡ ಕಂದಕವೊಂದು ಉಳಿದಿದೆ. 1987ರ ಕಾಯ್ದೆಯಲ್ಲಿ ರೋಗಿಯ ಆಸ್ತಿಗೆಂದೇ ಒಂದು ಅಧ್ಯಾಯವಿತ್ತು. ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ಪಾಲಕರನ್ನೋ ವ್ಯವಸ್ಥಾಪಕರನ್ನೋ ನೇಮಿಸಬಹುದಿತ್ತು. 2017ರ ಕಾಯ್ದೆ ಆರೈಕೆಯ, ಹಕ್ಕುಗಳ ಬಗ್ಗೆ ಮಾತಾಡುತ್ತದೆ, ಆದರೆ ಆಸ್ತಿಯ ಅಧ್ಯಾಯವನ್ನು ಬಿಟ್ಟೇಬಿಟ್ಟಿತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸ್ಥಳೀಯ ಸಮಿತಿ ಪಾಲಕರನ್ನು ಕೊಡುತ್ತದೆ. ಮರೆವಿನ ಕಾಯಿಲೆಯ ತಂದೆಗೆ, ಅಪಘಾತದಿಂದ ಕೋಮಾದಲ್ಲಿ ಮಲಗಿದ ಗಂಡನಿಗೆ ಆ ಬಾಗಿಲೂ ಇಲ್ಲ. 2016ರ ಕಾಯ್ದೆಯ 14ನೇ ಸೆಕ್ಷನ್ ಸೀಮಿತ ಪಾಲಕತ್ವವನ್ನು ಹೇಳುತ್ತದೆ. ಸೀಮಿತವೆಂದರೆ ಇಂಥ ಒಂದು ನಿರ್ಧಾರಕ್ಕೆ, ಇಷ್ಟು ಅವಧಿಗೆ, ಆ ವ್ಯಕ್ತಿಯ ಜೊತೆ ಮಾತಾಡಿಕೊಂಡೇ. ಅದು ಸರಿಯಾದ ದಾರಿ ಎಂದು ನನಗೆ ಅನ್ನಿಸುತ್ತದೆ, ಆದರೆ ಅದನ್ನು ಬಲ್ಲ ಕಚೇರಿಗಳು ಕಡಿಮೆ. ಕೊನೆಗೆ ಮನೆಯವರು ಹೈಕೋರ್ಟಿನಲ್ಲಿ ರಿಟ್ ಹಾಕುತ್ತಾರೆ. ಕೋಮಾದಲ್ಲಿರುವವರ ವಿಷಯದಲ್ಲಿ ಕೇರಳ ಹೈಕೋರ್ಟು 2019ರಲ್ಲಿ ಮಾರ್ಗಸೂಚಿಯನ್ನೇ ಬರೆದುಕೊಟ್ಟಿತು. ಆಸ್ಪತ್ರೆಯ ಬಿಲ್ಲು ಕಟ್ಟಲು ಗಂಡನ ಖಾತೆಯಿಂದ ಹಣ ತೆಗೆಯಬೇಕಾದ ರಾಯಚೂರಿನ ಹೆಂಡತಿ ಕಲಬುರಗಿ ಪೀಠದ ತನಕ ಹೋಗಬೇಕು ಎಂದರೆ, ಕಾನೂನು ಅವಳ ಕೈ ಹಿಡಿದಂತಾಗಲಿಲ್ಲ.

ದೊಡ್ಡಮ್ಮನಿಗೆ ಯಾವ ಗಾರ್ಡಿಯನ್ನೂ ಬೇಕಾಗಿರಲಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಕೊಟ್ಟ ವಕೀಲರು ಬ್ಯಾಂಕಿಗೆ ಒಂದು ಪುಟದ ಪತ್ರ ಬರೆದು, 2017ರ ಕಾಯ್ದೆಯ ಮಾತನ್ನೂ ಕರಾರು ಕಾಯ್ದೆಯ 12ನೇ ಸೆಕ್ಷನ್ನನ್ನೂ ಕಾಣಿಸಿದರು. ಮನೋವೈದ್ಯರ ಪ್ರಮಾಣಪತ್ರವನ್ನೂ ಲಗತ್ತಿಸಿದರು. ಪಿಂಚಣಿ ಮತ್ತೆ ಕೈಗೆ ಬಂತು. ಹೊರಡುವಾಗ ಆ ವಕೀಲರು, ‘ಪ್ರತಿನಿಧಿಯನ್ನೂ ಬರೆದಿಡಿ, ಟೀಚರ್. ಛಾಪಾ ಕಾಗದ ಬೇಡ, ಬಿಳಿ ಹಾಳೆ, ನಿಮ್ಮ ರುಜು ಸಾಕು’ ಎಂದರು. ಮಗನ ಹೆಸರು ಬರೆಯುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು, ಹಳೆಯ ಹಾಜರಿ ಪುಸ್ತಕದಿಂದ ಒಂದು ಹಾಳೆ ಬಿಡಿಸಿ, ದುಂಡಗಿನ ಅಕ್ಷರದಲ್ಲಿ ತಂಗಿಯ ಮಗಳ ಹೆಸರು ಬರೆದರು. ‘ಅವಳು ನನ್ನನ್ನ ಕೇಳ್ತಾಳೆ’ ಎಂದರು.